ಬೋರ್ಡ್ ಗೇಮ್ ಡಿಸೈನ್: ಒಂದ್ಸಲ ಮುಂದೆ ಹೋದೋರು ಕೊನೇತನಕ ಮುಂದೇನೇ, ಇದನ್ನ ಹೇಗೆ ಸರಿ ಮಾಡೋದು?

ಸಂತೆಗಾಡಿ

ಎಲ್ರಿಗೂ ನಮಸ್ಕಾರ. ನಾನೊಂದು ಬೋರ್ಡ್ ಗೇಮ್ ಮಾಡ್ತಿದೀನಿ, ನಾಲ್ಕು ಜನ ಆಡೋದು, ಹಳ್ಳಿಯಿಂದ ಸಂತೆಗೆ ಗಾಡಿ ಹೊಡ್ಕೊಂಡು ಹೋಗಿ ಮಾಲು ಮಾರ್ಕೊಂಡು ಬರೋದು ಥೀಮು. ಎರಡು ದಾಳ ಹಾಕ್ಬೇಕು, ಬಿದ್ದಷ್ಟು ಮನೆ ಗಾಡಿ ನಡೆಸ್ಬೇಕು, ಸಂತೆ ಮುಟ್ಟಿದ್ರೆ ದುಡ್ಡು, ಆ ದುಡ್ಡಲ್ಲಿ ಎತ್ತು ತಗೋಬಹುದು, ಒಂದೊಂದು ಎತ್ತಿಗೂ ಪ್ರತಿ ಸಲ ಎರಡು ಮನೆ ಎಕ್ಸ್ಟ್ರಾ. ದಾರಿ 40 ಮನೆ. ನೋಡೋಕೆ ಚೆನ್ನಾಗಿ ಬಂದಿದೆ, ಚಿತ್ರ ಎಲ್ಲ ಕೈಯಲ್ಲೇ ಬರೆದಿದೀನಿ.

ಸಮಸ್ಯೆ ಏನಂದ್ರೆ ಮೊದಲು ಸಂತೆ ಮುಟ್ಟಿದೋರು ಮೊದಲು ಎತ್ತು ತಗೋತಾರೆ, ಅದರಿಂದ ಮತ್ತೆ ಅವರೇ ಮೊದಲು ಮುಟ್ತಾರೆ, ಮತ್ತೆ ಎತ್ತು. ಅರ್ಧ ಆಟ ಆಗೋಷ್ಟ್ರಲ್ಲಿ ಯಾರು ಗೆಲ್ತಾರೆ ಅಂತ ಎಲ್ರಿಗೂ ಗೊತ್ತಾಗ್ಬಿಡುತ್ತೆ, ಉಳಿದ ಮೂರು ಜನ ಫೋನ್ ತೆಗೀತಾರೆ. ಒಬ್ರು ಹೇಳಿದ್ರು ಅದೃಷ್ಟ ಜಾಸ್ತಿ ಆಯ್ತು ಕಮ್ಮಿ ಮಾಡಿ ಅಂತ, ಇನ್ನೊಬ್ರು ಹಿಂದೆ ಬಿದ್ದೋರಿಗೆ ಚಾನ್ಸ್ ಕಾರ್ಡ್ ಕೊಡಿ ಅಂತ, ಅಂದ್ರೆ ಇನ್ನೂ ಅದೃಷ್ಟ ಸೇರ್ಸಿ ಅಂತ. ಎರಡೂ ಉಲ್ಟಾ ಸಲಹೆ. ಗೇಮ್ ಡಿಸೈನ್ ಥಿಯರಿ ಅಂತ ಒಂದಿದೆಯಲ್ಲ, ಅದರಲ್ಲಿ ಇದಕ್ಕೆ ಏನು ಹೇಳ್ತಾರೆ? ಬುಡದಿಂದ ತಿಳ್ಕೋಬೇಕು ಅಂತ ಆಸೆ ಇದೆ, ಗೊತ್ತಿರೋರು ದಯವಿಟ್ಟು ಹೇಳಿ.

ಕವಡೆ_ನಾಲ್ಕು

ಅದೃಷ್ಟ ಎಷ್ಟಿದೆ ಅನ್ನೋದಕ್ಕಿಂತ ಅದು ಎಲ್ಲಿ ಬರುತ್ತೆ ಅನ್ನೋದು ಮುಖ್ಯ. ನಿಮ್ಮ ಆಟದಲ್ಲಿ ದಾಳ ಬಿದ್ದ ಮೇಲೆ ಆಡೋನಿಗೆ ಮಾಡೋಕೆ ಏನಿದೆ? ಒಂದೇ ಗಾಡಿ, ಒಂದೇ ದಾರಿ. ದಾಳ ಹೇಳ್ದಂಗೆ ಕೈ ಆಡ್ಸೋದಷ್ಟೆ. ಹಾವು ಏಣಿನೂ ಇದೇ ಜಾತಿ, ಅದರಲ್ಲಿ ಇಡೀ ಆಟದಲ್ಲಿ ಒಂದು ನಿರ್ಧಾರಾನೂ ಇಲ್ಲ, ಚಿಕ್ಕ ಮಕ್ಕಳು ಮಾತ್ರ ಅದನ್ನ ಕುಣ್ಕೊಂಡು ಆಡ್ತಾರೆ.

ಈಗ ಚೌಕಾಬಾರ ನೋಡಿ. ಅದೂ ಪೂರ್ತಿ ಕವಡೆ ಮೇಲೇ ನಿಂತಿರೋ ಆಟ ತಾನೇ, ಆದ್ರೂ ನಮ್ಮ ಅಜ್ಜಿಯಂಥೋರು ಮಧ್ಯಾಹ್ನ ಪೂರ್ತಿ ಆಡ್ತಿದ್ರು, ಯಾಕೆ? ಗರ ಮೊದ್ಲು ಬೀಳುತ್ತೆ, ಆಮೇಲೆ ನಾಲ್ಕು ಕಾಯಲ್ಲಿ ಯಾವುದನ್ನ ನಡೆಸ್ಬೇಕು ಅಂತ ನಾವು ಆರಿಸ್ತೀವಿ. ಮೂರು ಬಿತ್ತು ಅಂತಿಟ್ಕೊಳಿ, ಒಂದು ಕಾಯಿ ಕಟ್ಟೆ (ಯಾರೂ ಹೊಡೆಯಂಗಿಲ್ಲದ ಮನೆ) ಸೇರುತ್ತೆ, ಇನ್ನೊಂದು ಎದುರಾಳಿ ಕಾಯಿ ಕಡಿಯುತ್ತೆ, ಮೂರನೇದು ಈಗ್ಲೇ ಓಡಿಲ್ಲ ಅಂದ್ರೆ ಹೊಡ್ತ ತಿನ್ನುತ್ತೆ. ಇದ್ರಲ್ಲಿ ಯಾವುದು ಅಂತ ಯೋಚಿಸೋ ಆ ಎರಡು ಸೆಕೆಂಡೇ ಆಟ. ಅದೃಷ್ಟ ನಿರ್ಧಾರಕ್ಕೆ ಮುಂಚೆ ಬಂದ್ರೆ ಅದು ನಮಗೆ ಬಿಡಿಸೋಕೆ ಒಂದು ಒಗಟು ಕೊಟ್ಟಂಗೆ. ನಿರ್ಧಾರ ಆದ್ಮೇಲೆ ಬಂದ್ರೆ, ಯೋಚನೆ ಮಾಡಿ ಒಂದು ಕೆಲಸ ಮಾಡಿರ್ತೀವಿ, ದಾಳ ಬಂದು ಅದನ್ನ ಕೆಡಿಸುತ್ತೆ, ಸಿಟ್ಟು ಬರುತ್ತೆ. ಎರಡಕ್ಕೂ ಜಾಗ ಇದೆ, ಆದ್ರೆ ಬೇರೆ ಬೇರೆ ಜಾಗ.

ಲೆಕ್ಕಾನೂ ನೋಡಿ, ನಂಗೆ ಇದು ತುಂಬ ಇಷ್ಟ. ನಾಲ್ಕು ಕವಡೇಲಿ ಒಂದೊಂದೂ ಮಗುಚಿ ಬೀಳೋದು, ಅಂಗಾತ ಬೀಳೋದು ಅರ್ಧ ಅರ್ಧ ಅಂತ ಹಿಡಿದ್ರೆ (ನಿಜವಾದ ಕವಡೆ ಹಂಗಿರಲ್ಲ, ಒಂದೊಂದು ಒಂದೊಂದು ಥರ) 16 ಸಾಧ್ಯತೇಲಿ ಒಂದು 4 ಸಲ, ಎರಡು 6 ಸಲ, ಮೂರು 4 ಸಲ, ಚೌಕ ಅಂದ್ರೆ ನಾಲ್ಕು ಒಂದ್ಸಲ, ಬಾರ ಅಂದ್ರೆ ಎಂಟು ಒಂದ್ಸಲ. ಸರಾಸರಿ 2.5 ಮನೆ. 25 ಮನೆ ಮಣೇಲಿ ಒಂದು ಕಾಯಿ ಹಣ್ಣಾಗೋಕೆ ಹೊರಗಿನ ಸುತ್ತಲ್ಲಿ 15, ಒಳಸುತ್ತಲ್ಲಿ 8, ನಡುಮನೆಗೆ 1, ಒಟ್ಟು 24 ಹೆಜ್ಜೆ, ನಾಲ್ಕು ಕಾಯಿಗೆ 96. ಚೌಕ ಬಾರ ಬಿದ್ರೆ ಇನ್ನೊಂದಾಟ ಇರೋದ್ರಿಂದ ಒಂದು ಪಾಳಿಗೆ ಸುಮಾರು 2.86 ಮನೆ ಬರುತ್ತೆ, ಅಂದ್ರೆ ಯಾರೂ ಕಡೀದೇ ಇದ್ರೆ ಒಬ್ಬೊಬ್ರಿಗೆ 34 ಪಾಳಿ ಹತ್ರ. ಅಷ್ಟು ಪಾಳೀಲಿ ಒಂದೆರಡು ಬಾರ ಬಿದ್ದೋನು ಓಡೋಗಲ್ಲ, ಅದೃಷ್ಟ ಸಮ ಆಗ್ತಾ ಬರುತ್ತೆ. ನಿಮ್ಮ ಆಟದಲ್ಲಿ ಒಂದು ಟ್ರಿಪ್ಪಿಗೆ ದಾಳ ಆರು ಸಲ ಹಾಕಿದ್ರೆ ಮುಗೀತು, ಆ ಆರರಲ್ಲಿ ಒಳ್ಳೆ ದಾಳ ಬಿದ್ದೋನಿಗೆ ಎತ್ತು, ಆ ಎತ್ತು ಕೊನೇತನಕ ಅವನ ಹತ್ರಾನೇ.

ಇನ್ನೊಂದು, ಚೌಕಾಬಾರದಲ್ಲಿ ಹಿಂದಿರೋ ಕಾಯಿಗೆ ಮುಂದಿರೋ ಕಾಯಿ ಬೇಟೆ. 20ನೇ ಮನೇಲಿ ಹೊಡ್ತ ತಿಂದ್ರೆ 20 ಹೆಜ್ಜೆ ಹೋಯ್ತು, 3ನೇ ಮನೇಲಿ ತಿಂದ್ರೆ 3 ಅಷ್ಟೇ. ಮುಂದೆ ಹೋದಷ್ಟೂ ಕಳ್ಕೊಳೋದು ಜಾಸ್ತಿ. ಅದರ ಮೇಲೆ ಒಂದಾದ್ರೂ ಕಾಯಿ ಕಡೀದೇ ಒಳಸುತ್ತಿಗೆ ಹೋಗಂಗಿಲ್ಲ ಅನ್ನೋ ರೂಲು, ಬಹಳ ಕಡೆ ಇದೆ. ಬರೀ ಓಡ್ತೀನಿ ಜಗಳ ಬೇಡ ಅನ್ನೋ ಹಾಗಿಲ್ಲ. ಮುಂದಿರೋನನ್ನ ತಡೆಯೋಕೆ ಬೇರೆ ಕಾರ್ಡೂ ಬೇಡ ಏನೂ ಬೇಡ, ಮಣೆನೇ ಆ ಕೆಲಸ ಮಾಡುತ್ತೆ.

ಲೂಪ್‌ಲೈನ್

ಮೇಲಿನೋರು ಹೇಳಿದ್ದು ಸರಿ. ನಾನು ಮೊಬೈಲ್ ಗೇಮ್ ಕಡೆ ಕೆಲಸ ಮಾಡೋನು, ಥಿಯರಿ ಕೇಳಿದ್ರಲ್ಲ, ಅದರ ಹೆಸರುಗಳನ್ನ ಹೇಳ್ತೀನಿ ಹುಡುಕೋಕೆ ಅನುಕೂಲ.

ನಿಮ್ಮ ಎತ್ತಿನ ರೂಲಿಗೆ ಪಾಸಿಟಿವ್ ಫೀಡ್‌ಬ್ಯಾಕ್ ಲೂಪ್ ಅಂತಾರೆ. ಗೆದ್ದಿದ್ದೇ ಮತ್ತೆ ಗೆಲ್ಲೋಕೆ ಸಹಾಯ ಮಾಡೋದು. ಎರಡು ದಾಳಕ್ಕೆ ಸರಾಸರಿ 7, ಒಂದು ಎತ್ತಿದ್ರೆ 9, ಎರಡಿದ್ರೆ 11. 40 ಮನೆಗೆ ಎತ್ತಿಲ್ಲದೋನಿಗೆ ಆರು ಪಾಳಿ ಬೇಕು, ಎರಡೆತ್ತಿನೋನಿಗೆ ನಾಲ್ಕು ಸಾಕು, ಆ ವ್ಯತ್ಯಾಸ ಪ್ರತಿ ಟ್ರಿಪ್ಪಿಗೂ ಸೇರ್ತಾ ಹೋಗುತ್ತೆ, ಇನ್ನು ಹಿಡಿಯೋದು ಎಲ್ಲಿಂದ.

ಇದು ಕೆಟ್ಟದ್ದು ಅಂತ ಮಾತ್ರ ಅನ್ಕೋಬೇಡಿ. ಮೊನಾಪಲಿ ಯಾಕೆ ಹಂಗಿದೆ ಅಂದ್ರೆ ಅದರ ಮೂಲ ಆಟಕ್ಕೆ 1904ರಲ್ಲಿ ಪೇಟೆಂಟ್ ತಗೊಂಡ ಲಿಝಿ ಮ್ಯಾಗಿ ಅನ್ನೋ ಹೆಂಗಸಿಗೆ ಅದೇ ಬೇಕಾಗಿತ್ತು, ಜಾಗ ಇದ್ದೋನು ಬಾಡಿಗೆ ತಿಂದು ತಿಂದು ಬೆಳೆಯೋದು, ಉಳಿದೋರು ಬಡವಾಗೋದು, ಅದನ್ನ ಜನ ಆಡಿ ನೋಡಿ ತಿಳ್ಕೊಳ್ಳಲಿ ಅಂತ. ಉದ್ದೇಶಕ್ಕೆ ರೂಲು ಸರಿಯಾಗೇ ಇತ್ತು. ನಿಮ್ಮ ಆಟದಲ್ಲಿ ಸಂತೆಯ ಗಲಾಟೆ, ಚೌಕಾಸಿ, ಪೈಪೋಟಿ ಬೇಕಾಗಿದ್ರೆ ಈ ರೂಲು ಅದನ್ನ ಕೊಡ್ತಿಲ್ಲ.

2004ರಲ್ಲಿ ಹುನಿಕಿ, ಲೆಬ್ಲಾಂಕ್, ಜುಬೆಕ್ ಮೂರು ಜನ ಸೇರಿ ಬರೆದ ಎಂಡಿಎ ಅನ್ನೋ ಪೇಪರ್ ಇದನ್ನೇ ಹೇಳೋದು. ಮೆಕ್ಯಾನಿಕ್ಸ್ ಅಂದ್ರೆ ರೂಲು, ಡೈನಮಿಕ್ಸ್ ಅಂದ್ರೆ ಆ ರೂಲಿಟ್ಕೊಂಡು ಜನ ಕೂತು ಆಡಿದಾಗ ಏನಾಗುತ್ತೋ ಅದು, ಏಸ್ಥೆಟಿಕ್ಸ್ ಅಂದ್ರೆ ಆಡೋರ ಮನಸ್ಸಲ್ಲಿ ಏನಾಗುತ್ತೋ ಅದು. ಡಿಸೈನರ್ ಕೈಗೆ ಸಿಗೋದು ರೂಲು ಮಾತ್ರ, ಆಡೋರಿಗೆ ಮೊದಲು ಮುಟ್ಟೋದು ಭಾವನೆ. ನಿಮ್ಮಲ್ಲಿ ರೂಲು "ಎತ್ತಿಗೆ ಎರಡು ಮನೆ", ಆಗೋದು "ಒಬ್ಬ ಓಡಿಹೋಗೋದು", ಅನಿಸೋದು "ಬೇಜಾರು". ಬೇಜಾರನ್ನ ಚಿತ್ರ ಬದಲಾಯಿಸಿ, ಕಥೆ ಸೇರ್ಸಿ ಸರಿ ಮಾಡೋಕಾಗಲ್ಲ, ರೂಲಿಗೇ ಕೈ ಹಾಕ್ಬೇಕು.

ಉಲ್ಟಾ ಲೂಪಿಗೆ, ಅಂದ್ರೆ ಮುಂದಿರೋನನ್ನ ಹಿಂದಕ್ಕೆ ಎಳೆಯೋದಕ್ಕೆ, ಒಳ್ಳೆ ಉದಾಹರಣೆ ಕಟಾನ್ ಅನ್ನೋ ಬೋರ್ಡ್ ಗೇಮ್, 1995ರದ್ದು. ಎರಡು ದಾಳದಲ್ಲಿ 7 ಬಿದ್ರೆ (36ಕ್ಕೆ 6 ಸಲ, ಅತಿ ಹೆಚ್ಚು ಬೀಳೋ ಸಂಖ್ಯೆ ಅದೇ) ಕಳ್ಳನನ್ನ ಯಾರದ್ದಾದ್ರೂ ಜಮೀನಿನ ಮೇಲೆ ಕೂರಿಸಬಹುದು, ಅವನು ಕೂತಷ್ಟು ದಿನ ಆ ಜಮೀನಿಂದ ಏನೂ ಸಿಗಲ್ಲ, ಕೈಯಲ್ಲಿ ಏಳಕ್ಕಿಂತ ಜಾಸ್ತಿ ಕಾರ್ಡಿದ್ದೋರು ಅರ್ಧ ಬಿಡ್ಬೇಕು. ಮುಂದಿರೋನ ಮೇಲೆ ಕೂರಿಸಿ ಅಂತ ರೂಲಲ್ಲಿ ಎಲ್ಲೂ ಬರೆದಿಲ್ಲ, ಜನ ತಾವಾಗೇ ಅವನ ಮೇಲೇ ಕೂರಿಸ್ತಾರೆ. ಅದು ನಾಜೂಕಾದ ಕೆಲಸ. ಮಾರಿಯೋ ಕಾರ್ಟ್ ಅನ್ನೋ ರೇಸಿಂಗ್ ವಿಡಿಯೋ ಗೇಮಲ್ಲಿ ಹಿಂದೆ ಬಿದ್ದೋರಿಗೆ ಒಳ್ಳೊಳ್ಳೆ ಐಟಂ ಸಿಗುತ್ತಲ್ಲ, ಅದು ನೇರವಾಗಿ ಆಟಾನೇ ಕೊಡೋ ಸಹಾಯ. ಪಾರ್ಟಿ ಗೇಮಿಗೆ ಚೆನ್ನ.

ಮೂರುಹುಲಿ

ಚಾನ್ಸ್ ಕಾರ್ಡ್ ಐಡಿಯಾಗೆ ನನ್ನ ಪೂರ್ತಿ ವಿರೋಧ ಇದೆ. ಹಿಂದೆ ಬಿದ್ದೋನಿಗೆ ಪುಕ್ಕಟೆ ಕೊಟ್ರೆ ಚೆನ್ನಾಗಿ ಆಡಿದೋನಿಗೆ ದಂಡ ಹಾಕ್ದಂಗೆ, ನಾಲ್ಕು ಆಟ ಆದ್ಮೇಲೆ ಬುದ್ಧಿವಂತರು ಬೇಕಂತಲೇ ಹಿಂದೆ ಉಳಿದು ಕೊನೇಲಿ ಓಡೋಕೆ ಕಲೀತಾರೆ.

ಆಮೇಲೆ ಲೂಪ್ ಬಗ್ಗೆ, ಅಳಗುಳಿಮಣೇಲೂ ಪಾಸಿಟಿವ್ ಲೂಪೇ ಇರೋದು. ಎರಡು ಸಾಲು, ಏಳೇಳು ಗುಳಿ, ನಮ್ಮ ಕಡೆ ಆಡೋ ಪದ್ಧತೀಲಿ ಒಂದು ಸುತ್ತು ಸೋತೋನಿಗೆ ಕಾಳು ಸಾಲಲ್ಲ, ತುಂಬದ ಗುಳಿ ಮುಂದಿನ ಸುತ್ತಿಗೆ ಖಾಲಿ ಬಿಡ್ಬೇಕು, ಅವನ ಮನೆ ಚಿಕ್ಕದಾಗುತ್ತೆ. ಆದ್ರೂ ಯಾರೂ ಎದ್ದು ಹೋಗಲ್ಲ, ಯಾಕಂದ್ರೆ ಒಂದು ಸುತ್ತು ಬೇಗ ಮುಗಿಯುತ್ತೆ, ಅದೃಷ್ಟ ಇಲ್ವೇ ಇಲ್ಲ, ಸೋತಿದ್ದು ಯಾವ ಗುಳಿಯಿಂದ ಎತ್ತಿದ್ದಕ್ಕೆ ಅಂತ ಕಣ್ಣಿಗೆ ಕಾಣುತ್ತೆ. ಮುಂದಿರೋನು ಗೆಲ್ಲೋದು ಖಾತ್ರಿ ಆದ್ರೆ ಬೇಗ ಗೆದ್ದು ಮುಗಿಸ್ಲಿ. ಜನಕ್ಕೆ ಬೇಜಾರಾಗೋದು ಸೋಲೋದಕ್ಕಲ್ಲ, ಸೋತು ಅರ್ಧ ಗಂಟೆ ಕೂರೋದಕ್ಕೆ.

ಹುಲಿಕುರಿನೂ ನೋಡಿ. ಮೂರು ಹುಲಿ, ಹದಿನೈದು ಕುರಿ, ನಾವು ಬರೆಯೋ ಮಣೇಲಿ 23 ಬಿಂದು. ಎರಡು ಕಡೆ ಬಲ ಒಂದೇ ಥರ ಇಲ್ಲ, ಗುರಿನೂ ಬೇರೆ, ಹುಲಿ ಹಾರಿ ತಿನ್ಬೇಕು, ಕುರಿ ಸುತ್ತುಗಟ್ಟಿ ಕೂರಿಸ್ಬೇಕು. ಶುರೂಲಿ ಕುರಿ ಒಂದೊಂದೇ ಬರೋವಾಗ ಹುಲಿ ಮೆರೆಯುತ್ತೆ, ಎಲ್ಲ ಕುರಿ ಮಣೆಗೆ ಬಂದ್ಮೇಲೆ ಹುಲಿಗೆ ಉಸಿರು ಕಟ್ಟುತ್ತೆ. ಆಟ ನಡುವಲ್ಲಿ ತಿರುಗುತ್ತೆ, ಅದಕ್ಕೆ ಒಂದು ದಾಳಾನೂ ಬೇಡ. ಸಮ ಇದೆಯಾ ಅಂತ ತಲೆ ಕೆಡಿಸ್ಕೊಳೋ ಬದಲು ಒಂದಾಟ ನೀನು ಹುಲಿ, ಇನ್ನೊಂದಾಟ ನಾನು ಹುಲಿ, ಯಾರು ಜಾಸ್ತಿ ಕುರಿ ತಿಂದ್ರು ಅಂತ ನೋಡಿದ್ರೆ ಆಯ್ತು.

ಇಂಥ ಆಟಗಳನ್ನ ಕಟ್ಟೋದನ್ನೇ ಗಂಭೀರವಾಗಿ ತಗೊಂಡ ಪರಂಪರೆ ನಮ್ಮಲ್ಲೇ ಇದೆ, ಮುಮ್ಮಡಿ ಕೃಷ್ಣರಾಜ ಒಡೆಯರ್ ಹೊಸ ಹೊಸ ಮಣೆಯಾಟ ಕಟ್ಟಿದ್ರು, ಮೈಸೂರಿನ ಜಗನ್ಮೋಹನ ಅರಮನೆ ಗೋಡೆ ಮೇಲೆ ಅವುಗಳ ಚಿತ್ರ ಇದೆ, ಆ ಕಡೆ ಹೋದ್ರೆ ತಪ್ಪದೆ ನೋಡಿ.

ಸಂತೆಗಾಡಿ

ಅಬ್ಬಾ, ಇಷ್ಟೊಂದು ಬರೆದಿದ್ದಕ್ಕೆ ಎಲ್ರಿಗೂ ತುಂಬ ಥ್ಯಾಂಕ್ಸ್. ಎಂಡಿಎ ವಿಷ್ಯ ನಂಗೆ ಚೆನ್ನಾಗಿ ಹಿಡಿಸ್ತು, ರೂಲು ಮತ್ತೆ ಬೇಜಾರಿನ ಮಧ್ಯೆ ಒಂದು ಹಂತ ಇದೆ ಅಂತ ಈಗ ಕಾಣ್ತಿದೆ. ಚೌಕಾಬಾರದ ಥರ ಕಡಿಯೋದು ಹಾಕ್ಬಹುದು, ಆದ್ರೆ ಸಂತೆಗೆ ಹೋಗೋ ಗಾಡಿನ ಹೊಡೆದು ವಾಪಸ್ ಊರಿಗೆ ಕಳ್ಸೋದು ನನ್ನ ಕಥೆಗೆ ಒಗ್ಗಲ್ಲ, ವ್ಯಾಪಾರದ ಆಟ ದರೋಡೆ ಆಟ ಆಗ್ಬಿಡುತ್ತೆ. ಬೇರೆ ದಾರಿ ಇದೆಯಾ?

ಕವಡೆ_ನಾಲ್ಕು

ಇದೆ, ನಿಮ್ಮ ಕಥೆಯಲ್ಲೇ ಇದೆ. ಮೂರು ಹೇಳ್ತೀನಿ, ಒಂದೊಂದೇ ಹಾಕಿ ನೋಡಿ, ಒಟ್ಟಿಗೆ ಹಾಕಿದ್ರೆ ಯಾವುದರಿಂದ ಏನಾಯ್ತು ಗೊತ್ತಾಗಲ್ಲ.

ಒಬ್ಬೊಬ್ಬರಿಗೂ ಎರಡೆರಡು ಗಾಡಿ ಕೊಡಿ. ಎರಡು ದಾಳ ಹಾಕಿ, ಒಂದು ದಾಳ ಒಂದು ಗಾಡಿಗೆ, ಇನ್ನೊಂದು ಇನ್ನೊಂದಕ್ಕೆ, ಯಾವುದು ಯಾವುದಕ್ಕೆ ಅಂತ ಆಡೋನೇ ಆರಿಸ್ಲಿ. ಎರಡೂ ದಾಳ ಒಂದೇ ಬೀಳೋದು 36ಕ್ಕೆ 6 ಸಲ, ಉಳಿದ 30 ಸಲ ನಿಜವಾದ ಆಯ್ಕೆ ಇರುತ್ತೆ. ದಾಳ ಅವೇ, ಖರ್ಚೂ ಇಲ್ಲ. ಗಾಡಿ ನಿಧಾನ ಆಗೋದ್ರಿಂದ ದಾರಿ ಮಾತ್ರ 20 ಮನೆಗೆ ಇಳ್ಸಿ.

ಸಂತೇಲಿ ಬೆಲೆ ಇಳಿಯೋ ಹಾಗೆ ಮಾಡಿ. ಟೊಮ್ಯಾಟೊ ಮೊದಲು ತಂದೋನಿಗೆ ಒಳ್ಳೆ ರೇಟು, ಅದೇ ಮಾಲು ಮತ್ತೆ ಬಂದಷ್ಟೂ ರೇಟು ಕೆಳಗೆ, ಯಾರೂ ತರದ ಮಾಲಿನ ರೇಟು ಮೇಲಕ್ಕೆ. ಕೋಲಾರದ ಮಾರ್ಕೆಟ್ಟಲ್ಲಿ ಟೊಮ್ಯಾಟೊ ಬೆಳೆದೋರಿಗೆ ಇದನ್ನ ವಿವರಿಸೋದೇ ಬೇಡ. ಈಗ ಹಿಂದಿರೋನಿಗೂ ಲೆಕ್ಕ ಹಾಕೋಕೆ ಕೆಲಸ ಇದೆ, ಮುಂದಿನೋನು ಏನು ಹೊತ್ಕೊಂಡು ಹೋಗ್ತಿದಾನೆ ನೋಡಿ ಬೇರೆ ಮಾಲು ತುಂಬ್ತಾನೆ. ಪುಕ್ಕಟೆ ಸಹಾಯ ಅಲ್ಲ ಇದು, ಹಂಗಾಗಿ ಮೂರುಹುಲಿ ಅವರ ಆಕ್ಷೇಪಾನೂ ಬರಲ್ಲ ಅನ್ಸುತ್ತೆ.

ಮೂರನೇದು, ಎತ್ತಿಗೆ ಮೇವು. ಪ್ರತಿ ಟ್ರಿಪ್ಪಿಗೂ ಪ್ರತಿ ಎತ್ತಿಗೆ ಇಷ್ಟು ದುಡ್ಡು. ಆಗ ಎತ್ತು ತಗೋಬೇಕಾ ಬೇಡ್ವಾ ಅನ್ನೋದು ಒಂದು ಪ್ರಶ್ನೆ ಆಗುತ್ತೆ, ಈಗ ಅದು ಪ್ರಶ್ನೆನೇ ಅಲ್ಲ, ದುಡ್ಡಿದ್ರೆ ತಗೋಳೋದೇ. ಯಾವಾಗ್ಲೂ ಒಂದೇ ಉತ್ತರ ಸರಿ ಇರೋ ಕಡೆ ಆಯ್ಕೆ ಇದೆ ಅಂತ ಹೇಳೋಕಾಗಲ್ಲ.

ಮೂರುಹುಲಿ

ಆಕ್ಷೇಪ ಇಲ್ಲ :) ಬೆಲೆ ಇಳಿಯೋದು ತುಂಬ ಒಳ್ಳೆ ಐಡಿಯಾ, ನಾನಾಗಿದ್ರೆ ಅದನ್ನೇ ಮೊದ್ಲು ಹಾಕಿ ನೋಡ್ತಿದ್ದೆ.

ಒಂದೇ ಮಾತು, ಹೊಸ ರೂಲು ಹಾಕಿ ಆಡ್ಸೋವಾಗ ಪಕ್ಕದಲ್ಲಿ ಕೂತು ವಿವರಿಸ್ಬೇಡಿ. ರೂಲಿನ ಹಾಳೆ ಕೊಟ್ಟು ದೂರ ಕೂತ್ಕೊಳಿ. ಯಾವ ಪಾಳೀಲಿ ಯಾರು ಫೋನ್ ತೆಗೆದ್ರು, ಆಗ ಮಣೆ ಮೇಲೆ ಯಾರು ಎಲ್ಲಿದ್ರು, ಯಾರ ಹತ್ರ ಎಷ್ಟು ದುಡ್ಡಿತ್ತು ಬರ್ಕೊಳಿ. ಆಟ ಮುಗಿದ್ಮೇಲೆ ಚೆನ್ನಾಗಿತ್ತಾ ಅಂತ ಕೇಳಿದ್ರೆ ನೆಂಟರು ಸ್ನೇಹಿತರು ಚೆನ್ನಾಗಿತ್ತು ಅಂತಲೇ ಅಂತಾರೆ, ಫೋನ್ ತೆಗೆದ ಪಾಳಿ ನಿಜ ಹೇಳುತ್ತೆ. ಆ ಲೆಕ್ಕ ಇಲ್ಲಿ ಹಾಕಿ, ಮೇವಿನ ರೇಟು ಎಷ್ಟಿಡ್ಬೇಕು ಅಂತ ಅದನ್ನ ನೋಡಿ ಹೇಳಬಹುದು.