ಅಪ್‌ಡೇಟ್: ಡೇಟಾಬೇಸ್ ಸ್ಥಳಾಂತರ ಮುಗಿಯಿತು, ಸೇವೆ ತಡೆದದ್ದು ಒಂದು ನಿಮಿಷಕ್ಕೂ ಕಡಿಮೆ

ನಮ್ಮ ಡೇಟಾಬೇಸ್ ತಂತ್ರಾಂಶ ಪೋಸ್ಟ್‌ಗ್ರೆಸ್‌ನ ಆವೃತ್ತಿ 12ರಿಂದ 16ಕ್ಕೆ ಹೋಗಬೇಕು, ಆದರೆ ಡಂಪ್ (ಇಡೀ ದತ್ತಾಂಶದ ನಕಲು) ತೆಗೆದು ಮರಳಿ ತುಂಬುವಷ್ಟು ಹೊತ್ತು ಸೇವೆ ನಿಲ್ಲಿಸಲಾಗದು, ಏನು ಮಾಡಲಿ ಎಂದು ಕೇಳಿದ್ದೆ. ಲಾಜಿಕಲ್ ರೆಪ್ಲಿಕೇಶನ್ (ಹಳೆಯ ಸರ್ವರ್‌ನ ಬದಲಾವಣೆಗಳನ್ನು ಬಂದಂತೆಲ್ಲ ಹೊಸದಕ್ಕೆ ನಕಲಿಸುವ ವಿಧಾನ) ಬಳಸಿ ಎಂದವರ ಮಾತೇ ಕೈಹಿಡಿಯಿತು. ಅವರಿಗೆ ಮನಸಾರೆ ಕೃತಜ್ಞತೆಗಳು.

ತಾಲೀಮು ನಡೆಸಿ ಎಂದು ಒತ್ತಿ ಹೇಳಿದ್ದು ಎಲ್ಲಕ್ಕಿಂತ ದೊಡ್ಡ ಉಪಕಾರ. ಮೊದಲ ತಾಲೀಮಿನಲ್ಲಿ ಹೊಸ ಸರ್ವರ್‌ಗೆ ಬದಲಾದ ಕೂಡಲೇ ಮೊದಲ ಇನ್ಸರ್ಟ್ (ಹೊಸ ಸಾಲು ಸೇರಿಸುವುದು) ವಿಫಲವಾಯಿತು: ಡೂಪ್ಲಿಕೇಟ್ ಕೀ, ಅಂದರೆ ಅದೇ ಗುರುತು ಸಂಖ್ಯೆಯ ಸಾಲು ಆಗಲೇ ಇದೆ. ಸಾಲುಗಳೆಲ್ಲ ಬಂದಿದ್ದವು, ಮುಂದಿನ ಗುರುತು ಸಂಖ್ಯೆ ಕೊಡುವ ಸೀಕ್ವೆನ್ಸ್‌ಗಳು ಮಾತ್ರ 1ರಲ್ಲೇ ನಿಂತಿದ್ದವು. ಈ ಆವೃತ್ತಿಗಳಲ್ಲಿ ಅವು ರೆಪ್ಲಿಕೇಟ್ ಆಗುವುದಿಲ್ಲ. ಪ್ರೈಮರಿ ಕೀ (ಪ್ರತಿ ಸಾಲಿನ ವಿಶಿಷ್ಟ ಗುರುತು) ಇಲ್ಲದ ಒಂದು ಹಳೆಯ ಟೇಬಲ್ ಇನ್ನೂ ಕಾಡಿತು. ಪಬ್ಲಿಕೇಶನ್‌ಗೆ (ನಕಲಿಸಬೇಕಾದ ಟೇಬಲ್‌ಗಳ ಪಟ್ಟಿಗೆ) ಸೇರಿಸಿದ್ದೇ ತಡ, ಹಳೆಯ ಸರ್ವರ್‌ನಲ್ಲೇ ಅದರ ಅಪ್‌ಡೇಟ್‌ಗಳು ದೋಷ ಕೊಡತೊಡಗಿದವು. ಇದು ನೇರವಾಗಿ ಪ್ರೊಡಕ್ಷನ್‌ನಲ್ಲಿ ಆಗಿದ್ದರೆ ಎಂದು ನೆನೆದರೆ ಈಗಲೂ ಎದೆ ನಡುಗುತ್ತದೆ. ಅದಕ್ಕೆ ಪ್ರೈಮರಿ ಕೀ ಸೇರಿಸಿದೆ.

ಬದಲಾವಣೆಯ ರಾತ್ರಿ ಆ್ಯಪ್ ಮತ್ತು ಡೇಟಾಬೇಸ್ ನಡುವೆ ಸಂಪರ್ಕಗಳನ್ನು ನಿರ್ವಹಿಸುವ ಪಿಜಿಬೌನ್ಸರ್‌ನಲ್ಲಿ PAUSE ಆಜ್ಞೆ ಕೊಟ್ಟು ಹೊಸ ಕೋರಿಕೆಗಳನ್ನು ಕಾಯಿಸಿದೆವು. ಬಾಕಿ ಬರಹಗಳೆಲ್ಲ ಹೊಸ ಸರ್ವರ್ ತಲುಪಿದ್ದನ್ನು ಖಚಿತಪಡಿಸಿಕೊಂಡು, ಸೀಕ್ವೆನ್ಸ್‌ಗಳನ್ನು ಮುಂದಕ್ಕೆ ತಳ್ಳಿ, ವಿಳಾಸ ಬದಲಿಸಿ ರೆಸ್ಯೂಮ್ ಮಾಡಿದೆವು. ಬಳಕೆದಾರರಿಗೆ ಪುಟ ತುಸು ನಿಧಾನವಾದಂತೆ ಕಂಡಿತಷ್ಟೆ, ದೋಷ ಸಂದೇಶ ಬರಲಿಲ್ಲ. ಕ್ವೆರಿ ಹೇಗೆ ನಡೆಸಬೇಕೆಂದು ಡೇಟಾಬೇಸ್ ನಿರ್ಧರಿಸಲು ನೋಡುವ ಅಂಕಿಅಂಶಗಳಿಗಾಗಿ ಅನಲೈಜ್ ಆಜ್ಞೆಯನ್ನು ಹೊಸ ಸರ್ವರ್‌ನಲ್ಲಿ ಮೊದಲೇ ಓಡಿಸಿದ್ದೆವು.

ರೆಸ್ಯೂಮ್‌ಗೆ ಮುನ್ನ ಹೊಸದರಿಂದ ಹಳೆಯದಕ್ಕೆ ಹಿಮ್ಮುಖ ರೆಪ್ಲಿಕೇಶನ್ ಕೂಡ ಹಾಕಿದ್ದೆವು, ಹಿಂದಿರುಗುವ ದಾರಿ ತೆರೆದಿರಲಿ ಎಂದು. ಅದು ಬೇಕಾಗಲಿಲ್ಲ. ನಿನ್ನೆ ಅದರ ಸ್ಲಾಟ್ (ಹಳೆಯ ಸರ್ವರ್ ಎಲ್ಲಿಯವರೆಗೆ ಓದಿದೆ ಎಂಬ ಗುರುತು) ಅಳಿಸಿದೆ; ಓದುವವರಿಲ್ಲದೆ ಬಿಟ್ಟಿದ್ದರೆ ವಾಲ್ (WAL, ಬದಲಾವಣೆಗಳ ದಾಖಲೆ) ಕಡತಗಳು ಡಿಸ್ಕ್ ತುಂಬಿಬಿಡುತ್ತಿದ್ದವು.