ಓದುಗರ ಸ್ಪಂದನ: ಆಫೀಸಿನಲ್ಲಿ ಹೇಳಲೇ, ಬೇಡವೇ?

ಕಳೆದ ಸಂಚಿಕೆಯಲ್ಲಿ ತುಮಕೂರಿನ 33 ವರ್ಷದ ಓದುಗರೊಬ್ಬರು ತಮ್ಮ ಸಮಸ್ಯೆ ಬರೆದಿದ್ದರು. ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ಆಟಿಸಂ ಇದೆಯೆಂದು ವೈದ್ಯರು ಈಚೆಗೆ ಗುರುತಿಸಿದ್ದಾರೆ. ಗದ್ದಲದ ಹಾಲ್‌ನಲ್ಲಿ ಕೂತು ಕೆಲಸ ಮಾಡಲಾಗುತ್ತಿಲ್ಲ. ಆಫೀಸಿನಲ್ಲಿ ಹೇಳಲೇ ಎಂಬುದು ಅವರ ಪ್ರಶ್ನೆ. ತಂಗಿಯ ಮದುವೆ ಆಗುವವರೆಗೆ ಬಾಯಿ ಬಿಡಬೇಡ ಎನ್ನುತ್ತಾರೆ ಅಮ್ಮ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲನೆಯದನ್ನು ಕತ್ತರಿಸಲು ನಮಗೆ ಮನಸ್ಸಾಗಲಿಲ್ಲ.

ತಂಗೀ, ನಿನ್ನ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮಗನನ್ನು ತೋರಿಸಲು ಹೋದಾಗ ಡಾಕ್ಟರ್ ಅವನ ಬಗ್ಗೆ ಕೇಳಿದ ಒಂದೊಂದು ಪ್ರಶ್ನೆಗೂ ನನ್ನೊಳಗೆ ನನ್ನದೇ ಉತ್ತರ ಏಳುತ್ತಿತ್ತು. ಮಿಕ್ಸಿ ಸದ್ದಿಗೆ ಕಿವಿ ಮುಚ್ಚುತ್ತಾನಾ? ಅನ್ನಕ್ಕೆ ಪಲ್ಯ ತಾಗಿದರೆ ಊಟ ಬಿಡುತ್ತಾನಾ? ನಾನೂ ಹಾಗೆಯೇ ಬೆಳೆದವಳು. ಆಮೇಲೆ ನನ್ನನ್ನೂ ಪರೀಕ್ಷಿಸಿ ಹೌದೆಂದರು. ಆಗ ನನಗೆ 41 ವರ್ಷ.

ನನಗೆ ಇವತ್ತಿಗೂ ಆರದ ನೋವೊಂದಿದೆ. ಅಮ್ಮ ಹೋದಾಗ ನನಗೆ ಅಳು ಬರಲಿಲ್ಲ. ಮನೆ ತುಂಬ ಜನ, ಊದುಬತ್ತಿ ಹೊಗೆ, ಬಂದವರೆಲ್ಲ ತಬ್ಬಿಕೊಂಡು ಗೋಳಾಡುವುದು. ಮೈಯೆಲ್ಲ ಮರಗಟ್ಟಿ ಹೋಯಿತು. ಅಡುಗೆಮನೆಗೆ ಹೋಗಿ ಲೋಟಗಳನ್ನು ಚಿಕ್ಕದು ದೊಡ್ಡದು ನೋಡಿ ಜೋಡಿಸುತ್ತ ನಿಂತೆ. ಹದಿಮೂರನೆಯ ದಿನ ಚಿಕ್ಕಮ್ಮ ನೆಂಟರ ಮುಂದೆಯೇ ಅಂದರು: "ಹೆತ್ತ ತಾಯಿ ಸತ್ತರೂ ಕಣ್ಣಲ್ಲಿ ಹನಿ ನೀರಿಲ್ಲ." ಅಳು ಬಂದದ್ದು ಎಷ್ಟೋ ತಿಂಗಳ ಮೇಲೆ, ಅಮ್ಮ ಹಾಲಿನ ಲೆಕ್ಕ ಬರೆಯುತ್ತಿದ್ದ ಪುಸ್ತಕ ಸಿಕ್ಕಾಗ. ಅದನ್ನು ಚಿಕ್ಕಮ್ಮ ನೋಡಲಿಲ್ಲ.

ಶಾಲೆಯಲ್ಲಿ ಹೆಡ್‌ಮೇಡಂ ಒಬ್ಬರಿಗೇ ಹೇಳಿದ್ದೇನೆ. ಪ್ರಾರ್ಥನೆ ಹೊತ್ತಿನಲ್ಲಿ ಮೈಕಿನ ಪಕ್ಕ ನಿಲ್ಲುವ ಡ್ಯೂಟಿ ತಪ್ಪಿಸಿದರು. ಟೈಂಟೇಬಲ್ ಬದಲಾದರೆ ಹಿಂದಿನ ದಿನವೇ ತಿಳಿಸುತ್ತಾರೆ. ಇಷ್ಟೇ. ಮುಂಚೆ ದಿನವಿಡೀ ಎದುರಿನವರ ಮುಖ ನೋಡಿ, ಯಾವಾಗ ನಗಬೇಕೆಂದು ಲೆಕ್ಕ ಹಾಕಿ ನಗುತ್ತಿದ್ದೆ. ಸಂಜೆ ಮನೆಗೆ ಬಂದರೆ ಮಾತೇ ಹೊರಡದೆ ದೀಪ ಆರಿಸಿ ಮಲಗಿಬಿಡುತ್ತಿದ್ದೆ. ಈಗ ಮಗನ ಜೊತೆ ಕೂರುವಷ್ಟು ಶಕ್ತಿ ಉಳಿಯುತ್ತದೆ.
– ಶಿಕ್ಷಕಿ, ಮೈಸೂರು

ಡಿಗ್ರಿ ಮಾಡಿದ್ದೀರಿ, ಸಂಬಳ ತರುತ್ತಿದ್ದೀರಿ. 33 ವರ್ಷ ಇಲ್ಲದ ಕಾಯಿಲೆ ಈಗೆಲ್ಲಿಂದ ಬಂತು? ತಂಗಿಯ ಬದುಕಿಗೆ ಕಲ್ಲು ಹಾಕಬೇಡಿ.
– ನಿವೃತ್ತ ಉಪನ್ಯಾಸಕ, ಚಿತ್ರದುರ್ಗ

ಆಟಿಸಂ ಕಾಯಿಲೆಯಲ್ಲ, ಮಿದುಳು ಬೆಳೆಯುವ ರೀತಿಯಲ್ಲಿ ಎಳವೆಯಿಂದಲೇ ಇರುವ ಭಿನ್ನತೆ ಎಂದಷ್ಟೇ ಇಲ್ಲಿ ಸೇರಿಸುತ್ತೇವೆ. ತಂಗಿಯ ಮದುವೆಯನ್ನು ಕುರಿತು ಇನ್ನೊಂದು ಪತ್ರ:

ಅಕ್ಕಾರ, ನನ್ನ ಹೆಂಡ್ತಿ ಅಣ್ಣಗ ಆಟಿಸಂ ಐತಿ. ಕನ್ಯಾ ನೋಡಾಕ ಹೋದಾಗ ಮಾವನವ್ರು ಮುಚ್ಚಿಡಲಿಲ್ಲ, ಅಂವನ್ನ ಕರ್ದು ನಮ್ಮ ಜೋಡಿನ ಕುಂದ್ರಿಸಿ ಚಾ ಕೊಟ್ರು. ಅಂವ ನಮ್ಮ ಮಾರಿ ನೋಡ್ಲಿಲ್ಲ, ಗಾಡಿ ಎಷ್ಟು ಮೈಲೇಜ್ ಕೊಡತೈತಿ ಅಂತ ಕೇಳಿ ಎದ್ದು ಹೋದ. ದಾರ್ಯಾಗ ನಮ್ಮವ್ವ ಅಂದ್ಲು, "ಇದ್ದದ್ದು ಇದ್ಹಾಂಗ ಹೇಳೋ ಮಂದಿ, ಬೀಗತನ ಮಾಡಬಹುದು." ಮದುವಿ ಆದಮ್ಯಾಲ ಗೊತ್ತಾಗಿದ್ರ ಜಗಳ ಆಗ್ತಿತ್ತು ನೋಡ್ರಿ.
– ಅಂಗಡಿಕಾರ, ಗೋಕಾಕ

ಹೇಳುವುದು ಬಿಡುವುದು ಆಮೇಲಿನ ಮಾತು, ಮೊದಲು ಕಾಗದಪತ್ರ ಮಾಡಿಸಿಕೊಳ್ಳಿ. 1995ರ ವಿಕಲಚೇತನರ ಕಾಯ್ದೆ ಹೆಸರಿಸಿದ್ದ ಏಳು ವಿಧದ ವೈಕಲ್ಯಗಳಲ್ಲಿ ಆಟಿಸಂ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ವಿಧಗಳನ್ನು ಹೆಸರಿಸಿ ಅದನ್ನೂ ಸೇರಿಸಿತು. ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ತಪಾಸಣೆಯಲ್ಲಿ ಆಟಿಸಂ ಎಷ್ಟಿದೆಯೆಂದು ಅಳೆಯುವ ಐಎಸ್‌ಎಎ ಎಂಬ 40 ಅಂಶಗಳ ಮಾಪನದ ಮೇಲೆ ಅಂಕ ಕೊಡುತ್ತಾರೆ. ಆ ಅಂಕದಿಂದ ಲೆಕ್ಕ ಹಾಕಿದ ವೈಕಲ್ಯದ ಪ್ರಮಾಣ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸರ್ಕಾರಿ ಹುದ್ದೆಗಳ ಮೀಸಲಾತಿಗೆ ಅರ್ಹರಾಗುತ್ತೀರಿ. ಚೆನ್ನಾಗಿ ಮಾತಾಡುವವರಿಗೆ ಕಷ್ಟವೇ ಇಲ್ಲವೆಂದು ತಿಳಿಯುವವರುಂಟು. ಅದಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಿ, ಬಾಲ್ಯದ ಸಂಗತಿ ಅವರೇ ಹೇಳಲಿ. ಇನ್ನೊಂದು: ಖಾಸಗಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕೆಂದು ಅದೇ ಕಾಯ್ದೆಯ 21ನೇ ಕಲಂ ಹೇಳುತ್ತದೆ. ಬಾಯಿ ಬಿಡುವ ಮುನ್ನ ಅದನ್ನು ತರಿಸಿ ಓದಿ.
– ನಿವೃತ್ತ ಸರ್ಕಾರಿ ನೌಕರ, ದಾವಣಗೆರೆ

ನಾನು ಹೇಳಿದೆ. ಆಗಿನ ಮ್ಯಾನೇಜರ್ ಮೂಲೆಯ ಸೀಟು ಕೊಟ್ಟರು. ಅವರ ಜಾಗಕ್ಕೆ ಬಂದವರು "ನಿಮಗೇ ಕಷ್ಟವಲ್ಲವೇ" ಎನ್ನುತ್ತ ಕ್ಲೈಂಟ್ ಮೀಟಿಂಗ್‌ಗಳಿಂದಲೇ ನನ್ನನ್ನು ಕೈಬಿಟ್ಟರು. ಆಡಿದ ಮಾತನ್ನು ಹಿಂದಕ್ಕೆ ಪಡೆಯಲಾಗದು. ಆದ್ದರಿಂದ ಬೇಕಾದುದನ್ನು ಮೊದಲು ಕೇಳಿ: ಮೂಲೆಯ ಸೀಟು, ಹೆಡ್‌ಫೋನ್, ಬಾಯಿಮಾತಿನ ಬದಲು ಇಮೇಲ್. ಕೊಡದಿದ್ದರೆ ಆಗ ಕಾರಣ ಹೇಳಿ, ಅದೂ ಲಿಖಿತವಾಗಿ.
– ಸಾಫ್ಟ್‌ವೇರ್ ಟೆಸ್ಟರ್, ಬೆಂಗಳೂರು

ಪ್ರಶ್ನೆ ಕೇಳಿದ ಓದುಗರು ಈ ಸಲಹೆಯನ್ನು ಎರಡು ಸಲ ಓದಲಿ ಎಂದು ನಮ್ಮ ಆಸೆ. ಕೊನೆಯ ಪತ್ರ ಅವರಿಗಲ್ಲ, ಅವರ ತಾಯಿಗೆ.

ತುಮಕೂರಿನ ಅಮ್ಮನವರಿಗೆ ನಮಸ್ಕಾರ. ನನಗೂ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳ ವಿಷಯ ತಿಳಿದಾಗ ನನಗೂ ಮೊದಲು ಬಂದದ್ದು ಕಿರಿಯವಳ ಚಿಂತೆಯೇ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಇದು ನಾವು ಬೆಳೆಸಿದ ರೀತಿಯಿಂದ ಬಂದದ್ದಲ್ಲವಂತೆ. ಡಾಕ್ಟರ್ ಹಾಗೆಂದ ದಿನ ನನ್ನ ಎದೆಯ ಭಾರ ಇಳಿಯಿತು. ನಿಮ್ಮ ಮಗಳ ಹತ್ತಿರ ಆಡಲಾಗದ ಮಾತಿದ್ದರೆ ನನ್ನ ಹತ್ತಿರ ಆಡಿ. ಪತ್ರಿಕೆಯವರಿಗೆ ನನ್ನ ನಂಬರ್ ಕೊಟ್ಟಿದ್ದೇನೆ, ಮಧ್ಯಾಹ್ನ ಮೂರರ ಮೇಲೆ ಬಿಡುವಾಗಿರುತ್ತೇನೆ.
– ಗೃಹಿಣಿ, ಹಾಸನ