ಅಜ್ಜಿ ಬಾಯಿ ಬಿಡ್ತಿಲ್ಲ, ಮನೆತನದ ಕತೆ ಕೇಳೋದು ಹೇಗೆ?

ಅಜ್ಜಿಗೆ ಈಗ 86. ಕಿವಿ ಸ್ವಲ್ಪ ಮಂದ, ನೆನಪು ಮಾತ್ರ ಗಟ್ಟಿ. ಅಪ್ಪ ಹೋದ ಮೇಲೆ ನಮ್ಮ ಮನೆಯ ಹಳೇ ಸಂಗತಿ ಗೊತ್ತಿರೋದು ಅವರೊಬ್ಬರಿಗೇ. ದೀಪಾವಳಿ ರಜೆಗೆ ಊರಿಗೆ ಹೋದವನು ಮೂವತ್ತು ಪ್ರಶ್ನೆ ಬರ್ಕೊಂಡು, ಫೋನ್ ಎದುರಿಗಿಟ್ಟು ಕೂತೆ. "ನಮ್ದೆಂಥ ಕತೆ ಮಾರಾಯ. ಉಂಡ್ವಿ, ದುಡಿದ್ವಿ, ಮಕ್ಕಳಾದ್ವು" ಅಂದ್ರು. ನಲವತ್ತು ಸೆಕೆಂಡಿನ ರೆಕಾರ್ಡಿಂಗ್, ಅದರಲ್ಲಿ ಅರ್ಧ ಕುಕ್ಕರ್ ಸೀಟಿ. ನಿಮ್ಮ ಮನೆಗಳಲ್ಲಿ ಹೇಗೆ ಕೇಳಿದಿರಿ, ಏನು ಸಿಕ್ತು? ಅನುಭವ ಇದ್ದವರು ಹೇಳಿ.

ಸಾಗರದ ಕಡೆಯ ಸೊಸೆ

ಮೊದಲು ಆ ಮೂವತ್ತು ಪ್ರಶ್ನೆಯ ಚೀಟಿ ಒಲೆಗೆ ಹಾಕಿ. ನಾನೂ ಅದೇ ತಪ್ಪು ಮಾಡಿದವಳು.

ನನ್ನ ಅತ್ತೆ ಹುಟ್ಟಿದ್ದು ಈಶ್ವರ ಸಂವತ್ಸರದಲ್ಲಿ, ಅಂದರೆ 1937ರ ಯುಗಾದಿ ಕಳೆದ ಮೇಲೆ. (ಆಧಾರ್ ಕಾರ್ಡಿನಲ್ಲಿ ಜನವರಿ 1 ಇದೆ, ವರ್ಷವೂ ಬೇರೆ. ನಮ್ಮೂರಿನ ಮುದುಕರೆಲ್ಲ ಜನವರಿ ಒಂದಕ್ಕೇ ಹುಟ್ಟಿದ್ದಾರೆ!) ಅವರು ಮದುವೆಯಾಗಿ ಬಂದ ಊರು ಈಗ ಲಿಂಗನಮಕ್ಕಿ ಹಿನ್ನೀರಿನ ತಳದಲ್ಲಿದೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ನಾನು ಈ ಮನೆಗೆ ಬಂದ ಮೇಲೆ ಇಪ್ಪತ್ತು ವರ್ಷ ಆ ಊರಿನ ಬಗ್ಗೆ ಕೇಳಿದಾಗೆಲ್ಲ ಸಿಕ್ಕ ಉತ್ತರ ಒಂದೇ: "ಮುಳುಗ್ತು."

ಬಾಯಿ ಬಿಡಿಸಿದ್ದು ನಾನಲ್ಲ, ನಮ್ಮ ಅಡುಗೆಮನೆ ಹೊಸ್ತಿಲು. ನಮ್ಮದು ಸಣ್ಣ ಮನೆ, ಅಡುಗೆಮನೆಗೆ ಮಾತ್ರ ಅರಮನೆಗೆ ಇರಬೇಕಾದಂಥ ದಾರಂದ, ಅಂದರೆ ಬಾಗಿಲ ಚೌಕಟ್ಟು. ಹೊಸ್ತಿಲು ಮೊಣಕಾಲೆತ್ತರಕ್ಕೆ ಸ್ವಲ್ಪ ಕಮ್ಮಿ. ಯಾರೋ ಅಗ್ಗಕ್ಕೆ ಕೊಟ್ಟ ಹಳೇ ಮರ ಅಂದ್ಕೊಂಡಿದ್ದೆ. ಒಂದು ಏಪ್ರಿಲ್‌ನಲ್ಲಿ ಹಲಸಿನ ಹಪ್ಪಳದ ದಿನ, ಬೇಯಿಸಿ ಕುಟ್ಟಿದ ಸೊಳೆ ಹಿಟ್ಟಿನ ಪಾತ್ರೆ ಹಿಡ್ಕೊಂಡು ಅದನ್ನು ಎಡವಿ ಬಿದ್ದೆ. ಹಿಟ್ಟೆಲ್ಲ ನೆಲದ ಪಾಲು. ಸಿಟ್ಟಲ್ಲಿ, "ಈ ದರಿದ್ರ ಹೊಸ್ತಿಲು ಕೀಳಿಸ್ತೀನಿ" ಅಂದುಬಿಟ್ಟೆ.

ಅತ್ತೆ ಎಣ್ಣೆ ಸವರಿದ ಹಾಳೆ ಕೆಳಗಿಟ್ಟರು. "ಅದು ಅಡುಗೆಮನೆ ಹೊಸ್ತಿಲಲ್ಲ. ಹೆಬ್ಬಾಗಿಲದ್ದು. ನಾನು ಸೇರಕ್ಕಿ ಒದ್ದು ಒಳಗೆ ಬಂದದ್ದು ಅದನ್ನೇ ದಾಟಿ."

ಆಮೇಲೆ ಮಧ್ಯಾಹ್ನದ ತನಕ ಹಪ್ಪಳ ಒತ್ತುತ್ತಲೇ ಹೇಳಿದರು. ಹೆಂಚು ಇಳಿಸಿದ್ದು, ದಾರಂದ ಕಿತ್ತದ್ದು, ಲಾರಿಯವನು ದಾರಂದ ಬೇಕಾ ಕಣಜ ಬೇಕಾ, ಎರಡಕ್ಕೂ ಜಾಗ ಇಲ್ಲ ಅಂದದ್ದು. ದೇವರನ್ನು ಮಡಿಲಲ್ಲಿ ಇಟ್ಕೊಂಡು ಕೂತದ್ದು. ಕಟ್ಟಿ ಬಿಟ್ಟು ಬಂದ ನಾಯಿ ಹಗ್ಗ ಹರ್ಕೊಂಡು ಲಾರಿ ಹಿಂದೆ ಓಡಿದ್ದು. ನಾಯಿಯ ಹೆಸರೂ ನೆನಪಿತ್ತು. ಪರಿಹಾರ ಎಷ್ಟು ಬಂತು ಅನ್ನೋದು ಮಾತ್ರ ನೆನಪಿಲ್ಲ, "ಗಂಡಸರ ಲೆಕ್ಕ ಅದು" ಅಂದರು. ಆಗ ಅರ್ಥವಾಯ್ತು ನೋಡಿ, ಮಳೆಗಾಲದಲ್ಲಿ ಪೇಪರ್ ಬಂದ ಕೂಡಲೇ ಜಲಾಶಯದ ಮಟ್ಟ ಎಷ್ಟು ಅಂತ ಯಾಕೆ ಕೇಳ್ತಾರೆ ಅಂತ. 1819 ಅಡಿ ಅಂದರೆ ತುಂಬಿತು ಅಂತ ಲೆಕ್ಕ. ಆಸ್ಪತ್ರೆಯಲ್ಲಿರೋ ನೆಂಟರ ಜ್ವರ ವಿಚಾರಿಸೋ ಹಾಗೆ ಕೇಳ್ತಾರೆ.

ಹೀಗಾಗಿ ನನ್ನ ಸಲಹೆ ಎರಡೇ. ಕೈಗೆ ಕೆಲಸ ಇರುವಾಗ ಕೇಳಿ. ಹಿಂದೆ ನಮ್ಮ ಕಡೆ ಅಡಿಕೆ ಸುಲಿಯೋ ರಾತ್ರಿಗಳಲ್ಲಿ ಮೆಟ್ಟುಗತ್ತಿ ಮುಂದೆ ಕೂತವರು ಬೆಳಗಿನ ಜಾವದ ತನಕ ಮಾತಾಡ್ತಿದ್ದರು, ಎದುರಿಗೆ ಕೂರಿಸಿ ಕೇಳಿದ್ದರೆ ಅವರೂ ತುಟಿ ಬಿಚ್ಚುತ್ತಿರಲಿಲ್ಲ. ಇನ್ನೊಂದು, ಹೇಳದವರೂ ತಿದ್ದುತ್ತಾರೆ. ಹಳೇ ಮನೆಯ ನಕ್ಷೆ ಬೇಕಂತಲೇ ತಪ್ಪು ಬರೆದು ಮುಂದಿಡಿ. ನಾನು ದೇವರ ಮನೆಯನ್ನು ಬಚ್ಚಲ ಪಕ್ಕ ಬರೆದೆ. ಕನ್ನಡಕ ತರಿಸಿದರು!

ಆಮೇಲೆ ಮಾವನ ತಮ್ಮನ ಹತ್ತಿರವೂ ಹೋದೆ. ಅವರ ಪ್ರಕಾರ ಆ ದಾರಂದ ಪಾಲಿನಲ್ಲಿ ಅವರಿಗೆ ಬರಬೇಕಿತ್ತು, ನಮ್ಮವರು ಹೊತ್ಕೊಂಡು ಹೋದರು. ಎರಡನ್ನೂ ಬರೆದಿಟ್ಟಿದ್ದೇನೆ. ನ್ಯಾಯ ತೀರ್ಮಾನ ನನ್ನ ಕೆಲಸ ಅಲ್ಲ. ಹೊಸ್ತಿಲು ಅಲ್ಲೇ ಇದೆ, ವಾರಕ್ಕೊಂದು ಸಲ ಈಗಲೂ ಎಡವ್ತೀನಿ.

ಬಾಗಲಕೋಟಿ ಕಡೆಯಾಕಿ

ನಮ್ಮ ಮನ್ಯಾಗ ಈ ಚಿಂತಿ ಇರಲಿಲ್ರಿ. ಸುಗ್ಗಿ ಮುಗದ ಮ್ಯಾಲ ಹೆಳವರು ಬರತಿದ್ರು, ಎತ್ತಿನ ಮ್ಯಾಲ ಕುಂತು, ಗಂಟಿ ಬಾರಿಸ್ಕೋತ. ನಸುಕಿನ್ಯಾಗ ಅಂಗಳದಾಗ ನಿಂತು ನಮ್ಮ ಹಿರ್ಯಾರ ಹೆಸರು ಒಂದ ಉಸುರಿನ್ಯಾಗ ಹೇಳತಿದ್ರು. ಮೂಲ ಊರು ಯಾವುದು, ಯಾಕ ಬಿಟ್ಟು ಬಂದ್ರು, ಯಾರಿಗೆ ಎಷ್ಟು ಮಂದಿ ಗಂಡಮಕ್ಕಳು, ಎಲ್ಲಾ. ಅಪ್ಪ ಜ್ವಾಳಾ ಅಳದು ಹಾಕಿ, ಆ ವರ್ಷ ಹುಟ್ಟಿದ ಕೂಸಿನ ಹೆಸರು ಬರಸತಿದ್ದ. ಹ್ವಾದ ಸಲ ಬಂದಾಂವ ಬೈಕ್ ಮ್ಯಾಲ ಬಂದಿದ್ದ, ಹೊತ್ತಿಗಿ ಮಾತ್ರ ಹಳೇದ.

ನಾ ತವರಮನ್ಯಾಗ ಇದ್ದೆ ಅವತ್ತ. ನನ್ನ ಹೆಸರು ಐತೇನು ನೋಡೋ ಅಂದೆ. ಇಲ್ಲ. ನಮ್ಮಣ್ಣಂದು ಐತಿ, ಅಣ್ಣನ ಮಗಂದು ಐತಿ, ಮನ್ನೆ ಹುಟ್ಟಿದ ಮೊಮ್ಮಗಂದೂ ಐತಿ. ಅವತ್ತ ರಾತ್ರಿ ನಾನ ಒಂದು ನೋಟಬುಕ್ ತಗೊಂಡೆ. ನಾನು, ನಮ್ಮವ್ವ, ಅವ್ವನ ಅವ್ವ, ಆಕಿ ಅವ್ವ... ನಾಕನೇ ತಲಿಗೆ ನಿಂತ ಬಿಟ್ಟತ್ರಿ. ಆಕಿ ಹೆಸರು ಯಾರಿಗೂ ಗೊತ್ತಿಲ್ಲ, "ಬಾದಾಮಿ ಆಯಿ" ಅಂತಿದ್ರಂತ, ಅಷ್ಟ. ನಿಮ್ಮ ಅಜ್ಜಿನ ಮದಲ ಆಕಿ ತಾಯಿ ಹೆಸರು ಕೇಳ್ರಿ. ಉಳದದ್ದು ಆಮ್ಯಾಲ.

ಪುತ್ತೂರಿನವ

ನಮ್ಮಜ್ಜ ಬದುಕಿದ್ದಷ್ಟು ದಿನ ಮಾತೇ ಕಮ್ಮಿ. ಅವರ ದನಿ ನನಗೆ ಸಿಕ್ಕಿದ್ದು ಅವರು ತೀರಿಹೋಗಿ ಹನ್ನೆರಡು ವರ್ಷದ ಮೇಲೆ, ತಾಲೂಕು ಕಚೇರಿಯ ಕಡತದಲ್ಲಿ. 1974ರ ಭೂಸುಧಾರಣೆ ಬಂದಾಗ ಗೇಣಿದಾರರು ತಾವು ಉಳುವ ಭೂಮಿಯ ಹಕ್ಕು ಕೇಳಿ ಫಾರಂ 7 ಅನ್ನೋ ಅರ್ಜಿ ಹಾಕಿ ಭೂ ನ್ಯಾಯಮಂಡಳಿ ಮುಂದೆ ಹೇಳಿಕೆ ಕೊಡಬೇಕಿತ್ತಲ್ಲ, ಅದರ ನಕಲು ತೆಗೆಸಿದೆ. ಯಾವ ಗದ್ದೆ ಯಾವಾಗಿನಿಂದ, ವರ್ಷಕ್ಕೆ ಎಷ್ಟು ಮುಡಿ ಅಕ್ಕಿ ಗೇಣಿ, ರಶೀದಿ ಕೊಡ್ತಿದ್ದರಾ ಅಂತ ಪ್ರಶ್ನೆ. "ಕೊಡ್ತಿರಲಿಲ್ಲ. ಕೇಳುವ ಧೈರ್ಯ ನಮಗಿರಲಿಲ್ಲ." ಕೆಳಗೆ ಹೆಬ್ಬೆಟ್ಟು. ಅಜ್ಜನಿಗೆ ಸಹಿ ಬರ್ತದೆ ಅಂತಲೇ ನಾವೆಲ್ಲ ನಂಬಿದ್ದೆವು.

ಹಾಗೇ ಅಟ್ಟದ ಪಾತ್ರೆಗಳನ್ನು ಮಗುಚಿ ನೋಡಿ. ಮದುವೆ ಉಡುಗೊರೆಗೆ ಹೆಸರು, ತಾರೀಕು ಕೊರೆಸೋ ರೂಢಿ ಇತ್ತು.

ಮುಂಬಯಿಯಿಂದ

ಅಪ್ಪ ಹನ್ನೆರಡನೇ ವಯಸ್ಸಿಗೆ ಕುಂದಾಪುರ ಬಿಟ್ಟು ಹೋಟೆಲ್ ಮೇಜು ಒರೆಸಲು ಬಂದವರು, ಓದಿದ್ದು ಕನ್ನಡ ರಾತ್ರಿ ಶಾಲೆಯಲ್ಲಿ. ಕಾಗದ ಬರೆಯುವಷ್ಟು ಪುರುಸೊತ್ತಿರಲಿಲ್ಲ. ಮನಿಯಾರ್ಡರ್ ಚೀಟಿಯ ಕೆಳಗೆ ಎರಡು ಸಾಲಿಗೆ ಜಾಗ ಇರ್ತಿತ್ತು, ಅಮ್ಮ ಆ ತುಂಡುಗಳನ್ನೆಲ್ಲ ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದರು. "ಮಳೆ ಹೇಗುಂಟು. ದನ ಕರು ಹಾಕಿತಾ." ಹತ್ತೊಂಬತ್ತು ವರ್ಷದ ದಾಂಪತ್ಯ ಅಷ್ಟರಲ್ಲೇ ನಡೆದಿದೆ.

ಹೆಸರು ಬೇಡ

ಸ್ವಲ್ಪ ಅಡ್ಡ ಮಾತಾಡ್ತೀನಿ, ಕ್ಷಮಿಸಿ. ಅಮ್ಮ ಹೇಳಿದ್ದನ್ನೆಲ್ಲ ಟೈಪ್ ಮಾಡಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ, ಹೆಮ್ಮೆಯಿಂದ. ಅದರಲ್ಲಿ ದೊಡ್ಡಮ್ಮನಿಗೆ ಮೊದಲೊಂದು ಮದುವೆ ಆಗಿತ್ತು ಅನ್ನೋ ಒಂದು ಸಾಲಿತ್ತು. ದೊಡ್ಡಮ್ಮನ ಮಕ್ಕಳಿಗೇ ಗೊತ್ತಿರಲಿಲ್ಲ. ಮೂರು ವರ್ಷ ಆಯ್ತು, ಅವರು ನಮ್ಮ ಮನೆ ಮೆಟ್ಟಿಲು ಹತ್ತಿಲ್ಲ. ಅಮ್ಮ ಈಗ ನನ್ನ ಮುಂದೆ ಹವಾಮಾನ ಬಿಟ್ಟು ಬೇರೆ ಮಾತಾಡಲ್ಲ. ರೆಕಾರ್ಡ್ ಮಾಡೋದು ಸುಲಭ. ಯಾರಿಗೆ ತೋರಿಸ್ತೀನಿ ಅಂತ ಮೊದಲೇ ಹೇಳಿ ಕೇಳಿ.

ಪ್ರಶ್ನೆ ಕೇಳಿದವನು

ಎಲ್ಲರಿಗೂ ಥ್ಯಾಂಕ್ಸ್. ಈ ಶನಿವಾರ ಊರಿಗೆ ಬಂದಿದ್ದೇನೆ. ಫೋನ್ ಚಾರ್ಜಿಗೆ ಹಾಕಿ, ಹಳೇ ಮನೆಯ ನಕ್ಷೆ ಬರೆದು ಅಜ್ಜಿ ಅವರೆಕಾಯಿ ಸುಲಿಯೋ ಹೊತ್ತಿಗೆ ಪಕ್ಕದಲ್ಲಿಟ್ಟೆ. ಕೊಟ್ಟಿಗೆಯನ್ನು ಬಾವಿಗೆ ಅಂಟಿಸಿ ಬರೆದಿದ್ದೆ.

"ಬಾವಿ ಬುಡಕ್ಕೆ ಕೊಟ್ಟಿಗೆ ಕಟ್ಟೋ ದಡ್ಡರು ಯಾರಿದ್ರು ನಮ್ಮನೇಲಿ?" ಅಂತ ಶುರುವಾಯ್ತು. ಅವರೆಕಾಯಿ ಕೈಯಲ್ಲೇ ಜಗಲಿ, ನಡುಮನೆ, ಬಾಣಂತಿ ಕೋಣೆ ಎಲ್ಲ ತೋರಿಸಿದರು. ಮೂಲೆಯ ಒಂದು ಚೌಕದ ಮೇಲೆ ಬೆರಳಿಟ್ಟು "ಇದು ಪುಟ್ಟಿ ಕೋಣೆ" ಅಂದರು.

ನಮ್ಮ ಮನೆತನದಲ್ಲಿ ಪುಟ್ಟಿ ಅಂತ ಯಾರೂ ಇದ್ದದ್ದು ನನಗೆ ಗೊತ್ತಿಲ್ಲ. ಯಾರು ಅಂದೆ. ಅಜ್ಜಿ ಸಿಪ್ಪೆ ಎಲ್ಲ ಸೆರಗಿಗೆ ಬಾಚ್ಕೊಂಡು, "ಅನ್ನಕ್ಕಿಡ್ಬೇಕು" ಅಂತ ಎದ್ದುಹೋದರು.

ಮತ್ತೆ ಕೇಳಲಿಲ್ಲ. ನಕ್ಷೆ ಅವರ ದಿಂಬಿನ ಪಕ್ಕ ಇದೆ, ಪೆನ್ಸಿಲ್ ಸಮೇತ.